ಕಾರಿನ ಗಾಲಿಯ ಹೊಳಪು ಪೊರೆ ಬಿಟ್ಟಾಗ

ಇಂದಿನ ಕುಟುಂಬಗಳಲ್ಲಿ ಕಾರು ಕೇವಲ ಭೋಗದ ವಸ್ತುವಾಗಿ ಉಳಿದಿಲ್ಲ. ಮಕ್ಕಳ ಶಾಲೆ, ಹಿರಿಯರ ಆಸ್ಪತ್ರೆ, ಬಂಧುಗಳ ಮದುವೆ, ಊರಿನ ಜಾತ್ರೆ ಎಂದು ದಿನನಿತ್ಯದ ಓಡಾಟಕ್ಕೆ ಅದು ಆಸರೆಯಾಗಿದೆ. ಎಂಜಿನ್ನಿಗೆ ಎಣ್ಣೆ ಹಾಕಿಸುವುದರಲ್ಲಿ ತೋರುವ ಆಸ್ಥೆಯನ್ನು ನಮ್ಮಲ್ಲಿ ಬಹುಮಂದಿ ಗಾಲಿಗಳ ವಿಷಯದಲ್ಲಿ ಮಾತ್ರ ತೋರುವುದಿಲ್ಲ. ಕೊಂಡ ಮೂರು ನಾಲ್ಕು ವರ್ಷಗಳಲ್ಲಿ, ಬೆಳ್ಳಿಯಂತೆ ಮಿನುಗುತ್ತಿದ್ದ ಗಾಲಿಯ ಮೇಲ್ಮೈ ಅಲ್ಲಲ್ಲಿ ಗುಳ್ಳೆ ಎದ್ದು, ಹಾವಿನ ಪೊರೆಯಂತೆ ಸುಲಿಯತೊಡಗುತ್ತದೆ. ಅಂಗಡಿಯವರು ನಾಲ್ಕನ್ನೂ ಬದಲಿಸಿರೆನ್ನುತ್ತಾರೆ. ನೆರೆಹೊರೆಯವರು ಒಂದು ಡಬ್ಬಿ ಬಣ್ಣ ಬಳಿದರೆ ಸಾಕೆನ್ನುತ್ತಾರೆ. ಈ ಎರಡು ಸಲಹೆಗಳಲ್ಲಿ ಯಾವುದನ್ನಾದರೂ ಒಪ್ಪುವ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆಯೊಂದಿದೆ: ಸುಲಿದಿರುವುದು ಗಾಲಿಯ ಯಾವ ಭಾಗ? ಹಣ ಎಷ್ಟು ಬೇಕು, ಅವಸರ ಎಷ್ಟಿದೆ ಎಂಬುದೆಲ್ಲ ಇದರ ಉತ್ತರವನ್ನೇ ಅವಲಂಬಿಸಿದೆ.

ಅಗ್ಗದ ಮಾದರಿಯ ಕಾರುಗಳಿಗೆ ಉಕ್ಕಿನ ಗಾಲಿಗಳಿರುತ್ತವೆ. ತುಸು ದುಬಾರಿ ಮಾದರಿಗಳಿಗೆ ಬರುವ 'ಅಲಾಯ್' ಗಾಲಿಗಳು ಬಹುಪಾಲು ಅಲ್ಯೂಮಿನಿಯಂ. ಅದರಲ್ಲಿ ನೂರಕ್ಕೆ ಸುಮಾರು ೭ ಪಾಲು ಸಿಲಿಕಾನ್, ಅತ್ಯಲ್ಪ ಪ್ರಮಾಣದ ಮೆಗ್ನೀಸಿಯಂ ಬೆರೆತಿರುತ್ತವೆ. ಈ ಲೋಹದ ಮೇಲೆ ಪ್ರೈಮರ್, ಬಣ್ಣ, ಕೊನೆಗೆ ಪಾರದರ್ಶಕವಾದ ಲ್ಯಾಕರ್ ಎಂದು ಪದರಗಳನ್ನು ಹಚ್ಚಲಾಗಿರುತ್ತದೆ. ಇತ್ತೀಚೆಗೆ ಎಲ್ಲರ ಕಣ್ಣು ಸೆಳೆಯುವ ಕಪ್ಪು-ಬಿಳಿ ಎರಡು ಬಣ್ಣದ 'ಡೈಮಂಡ್ ಕಟ್' ಗಾಲಿಗಳ ಕಥೆ ಬೇರೆ. ಅವುಗಳ ಹೊಳೆಯುವ ಭಾಗದಲ್ಲಿ ಬಣ್ಣವೇ ಇರುವುದಿಲ್ಲ. ಲೇತ್ ಯಂತ್ರದಲ್ಲಿ ಮುಖವನ್ನು ಕಡೆದು, ಬರಿಯ ಲೋಹದ ಮೇಲೆ ತೆಳುವಾದ ಲ್ಯಾಕರನ್ನಷ್ಟೇ ಹೊದಿಸಿರುತ್ತಾರೆ. ಎಲ್ಲಕ್ಕಿಂತ ಚೆಂದವಾಗಿ ಕಾಣುವ ಗಾಲಿಯೇ ಎಲ್ಲಕ್ಕಿಂತ ಬೇಗ ಪೊರೆ ಬಿಡುವುದಕ್ಕೆ ಇದೇ ಕಾರಣ.

ಸುಲಿತ ಆರಂಭವಾಗುವುದು ಒಂದು ಸಣ್ಣ ಗಾಯದಿಂದ. ಸಿಡಿದ ಜಲ್ಲಿಕಲ್ಲು, ಪಾದಚಾರಿ ಮಾರ್ಗದ ಅಂಚಿಗೆ ತಗಲಿದ ತರಚು, ಟೈರು ಬಿಚ್ಚುವಾಗ ತಾಗಿದ ಸನಿಕೆ, ಗಾಲಿಯ ಸಮತೋಲಕ್ಕೆಂದು ಅಂಚಿಗೆ ಬಡಿದ ಸಣ್ಣ ತೂಕದ ಬಿಲ್ಲೆ, ಯಾವುದಾದರೂ ಆದೀತು. ಲ್ಯಾಕರ್ ಒಂದೆಡೆ ಸೀಳಿತೆಂದರೆ ಅದರಡಿಗೆ ನೀರೂ ಉಪ್ಪೂ ನುಸುಳುತ್ತವೆ. ಅಲ್ಯೂಮಿನಿಯಂ ಕಬ್ಬಿಣದಂತೆ ಕೆಂಪು ತುಕ್ಕು ಹಿಡಿಯುವುದಿಲ್ಲ. ಅದರ ತುಕ್ಕು ಬಿಳಿಯ ಪುಡಿ. ಆ ಪುಡಿ ಲೋಹಕ್ಕಿಂತ ಹೆಚ್ಚು ಜಾಗ ಬೇಡುವುದರಿಂದ ಮೇಲಿನ ಪದರವನ್ನು ಎತ್ತುತ್ತ, ಗೆದ್ದಲಿನ ಹಾದಿಯಂತೆ ಬಿಳಿಯ ಎಳೆಗಳಾಗಿ ಒಳಗೊಳಗೇ ಹರಿಯುತ್ತದೆ. ಮೇಲೆ ಕಾಣುವ ಗುಳ್ಳೆ ಬೆರಳುಗುರಿನಷ್ಟಿದ್ದರೆ, ಅದರಡಿಯ ಹಾನಿ ಅದಕ್ಕಿಂತ ದೊಡ್ಡದಾಗಿರುತ್ತದೆಂದೇ ತಿಳಿಯಬೇಕು.

ನಮ್ಮ ತಾಯಂದಿರಿಗೆ ಈ ಲೋಹದ ಸ್ವಭಾವ ಹೊಸದಲ್ಲ. ಅಲ್ಯೂಮಿನಿಯಂ ಪಾತ್ರೆಯಲ್ಲಿ ಹುಳಿ ಸಾರನ್ನಾಗಲಿ ಮಜ್ಜಿಗೆಯನ್ನಾಗಲಿ ರಾತ್ರಿಯಿಡೀ ಬಿಡಬಾರದೆಂದೂ, ಅದನ್ನು ಸೋಡಾ ಹಾಕಿ ತೊಳೆದರೆ ಕಪ್ಪಾಗುವುದೆಂದೂ ಅವರು ಬಲ್ಲರು. ಹುಳಿಯೂ ಆಗದ, ಕ್ಷಾರವೂ ಆಗದ ಲೋಹವಿದು. ಗಾಲಿಯ ಶತ್ರುಗಳನ್ನು ಗುರುತಿಸಲು ಅಡಿಗೆಮನೆಯ ಈ ತಿಳಿವಳಿಕೆಯೇ ಸಾಕು. ಕಾರು ತೊಳೆಯುವ ಕೆಲವು ಕಡೆ, ಬ್ರೇಕಿನ ಕಪ್ಪು ಧೂಳನ್ನು ಕ್ಷಣಮಾತ್ರದಲ್ಲಿ ಕರಗಿಸುವ ಆಮ್ಲದ ದ್ರಾವಣಗಳನ್ನು ಸಿಂಪಡಿಸುತ್ತಾರೆ. ಇವುಗಳಲ್ಲಿ ಕೆಲವಕ್ಕೆ ಹೈಡ್ರೋಫ್ಲೋರಿಕ್ ಆಮ್ಲದ ಬಲವಿರುತ್ತದೆ. ಅದು ಲ್ಯಾಕರನ್ನು ಮಂಕಾಗಿಸುವುದು ಸಣ್ಣ ಮಾತು. ಚರ್ಮಕ್ಕೆ ತಾಗಿದರೆ ಕೆಲವೊಮ್ಮೆ ಗಂಟೆಗಳ ತನಕ ನೋವೇ ತೋರದೆ ಒಳಗಿನ ಮಾಂಸವನ್ನೂ ಎಲುಬನ್ನೂ ಸುಡುವ ಘೋರ ವಿಷವದು. ಬರಿಗೈಯಲ್ಲಿ ಆ ಕೆಲಸ ಮಾಡುವ ಹುಡುಗರನ್ನು ನೆನೆದಾದರೂ 'ಆಸಿಡ್ ಬೇಡ, ಸೋಪಿನ ನೀರು ಸಾಕು' ಎಂದು ಹೇಳಬಹುದಲ್ಲವೇ?

ಆಯುಧ ಪೂಜೆಯ ದಿನ ಚಕ್ರದಡಿಯಲ್ಲಿ ನಿಂಬೆಹಣ್ಣು ಇಡುವ ರೂಢಿ ನಾಡಿನಾದ್ಯಂತ ಇದೆ. ರೂಢಿಯನ್ನು ಬಿಡಬೇಕಾಗಿಲ್ಲ; ಸಿಡಿದ ಹುಳಿಯನ್ನು ಅಂದೇ ಸಂಜೆ ಒಂದು ಬಿಂದಿಗೆ ನೀರಿನಿಂದ ತೊಳೆದರಾಯಿತು. ಹಿತ್ತಾಳೆಯ ದೀಪ ಬೆಳಗಿದಂತೆ ಗಾಲಿಯನ್ನೂ ಹುಣಸೆಹಣ್ಣಿನಿಂದ ತಿಕ್ಕುವ ಉತ್ಸಾಹವನ್ನು ಮಾತ್ರ ಬಿಡಲೇಬೇಕು. ಕಾರವಾರ, ಉಡುಪಿ, ಮಂಗಳೂರಿನ ಕಡಲ ಗಾಳಿಯಲ್ಲಿ ಉಪ್ಪು ಇದ್ದೇ ಇದೆ. ಗದಗ, ಹುಬ್ಬಳ್ಳಿ ಸೀಮೆಯ ಎರೆಮಣ್ಣು ಗಾಲಿಯ ಒಳಮೈಗೆ ಮೆತ್ತಿಕೊಂಡು ದಿನಗಟ್ಟಲೆ ತೇವವನ್ನು ಹಿಡಿದಿಡುತ್ತದೆ. ಮಳೆಗಾಲದಲ್ಲಿ ಗಾಲಿಯ ಹೊರಮುಖವನ್ನಷ್ಟೇ ತೊಳೆದು ತೃಪ್ತಿಪಡುವುದು ಮುಖ ತೊಳೆದು ಸ್ನಾನವಾಯಿತೆಂದಂತೆ.

ಈಗ ಮುಖ್ಯ ವಿಷಯಕ್ಕೆ ಬರೋಣ. ಕಡ್ಡಿಗಳ ಮೇಲೆ, ಹೊರಮುಖದಲ್ಲಿ ಸುಲಿದಿದ್ದರೆ ಅದು ಬಹುಮಟ್ಟಿಗೆ ಅಂದದ ಪ್ರಶ್ನೆ. ಮಗಳ ಮದುವೆಯ ಖರ್ಚು ಮುಗಿದ ಮೇಲೆ ನೋಡಿಕೊಳ್ಳಬಹುದು, ಅವಸರವಿಲ್ಲ. ಆದರೆ ಟೈರಿನ ತುಟಿ ಗಾಲಿಯ ಅಂಚಿನ ಮೇಲೆ ಕೂರುವ ಜಾಗವೊಂದಿದೆ. ಟೈರು ಹಾಕಿರುವಾಗ ಅದು ಕಣ್ಣಿಗೆ ಬೀಳುವುದಿಲ್ಲ. ಈಗಿನ ಕಾರುಗಳ ಟೈರಿಗೆ ಟ್ಯೂಬಿಲ್ಲ. ಗಾಳಿಯನ್ನು ಹಿಡಿದಿಟ್ಟಿರುವುದು ರಬ್ಬರಿನ ತುಟಿಗೂ ಲೋಹದ ಅಂಚಿಗೂ ಇರುವ ಗಾಢವಾದ ಅಪ್ಪುಗೆಯೊಂದೇ. ಅಲ್ಲಿ ಲ್ಯಾಕರ್ ಎದ್ದು ಬಿಳಿಯ ಪುಡಿ ಕಟ್ಟಿದರೆ ಅಪ್ಪುಗೆ ಸಡಿಲಿ ಗಾಳಿ ಹನಿಹನಿಯಾಗಿ ಸೋರುತ್ತದೆ. ಮೊಳೆ ಚುಚ್ಚಿಲ್ಲ, ಪಂಕ್ಚರಿನ ಅಂಗಡಿಯವನಿಗೆ ತೂತು ಸಿಗುವುದಿಲ್ಲ, ಆದರೂ ಆ ಒಂದು ಚಕ್ರಕ್ಕೆ ಮಾತ್ರ ವಾರವಾರವೂ ಗಾಳಿ ಬೇಕು. ಹೀಗಾಗುತ್ತಿದ್ದರೆ ಈ ಜಾಗವನ್ನೇ ಶಂಕಿಸಬೇಕು.

ಗಾಳಿ ಕಡಿಮೆಯಾದ ಟೈರು ಉರುಳುವಾಗ ಅದರ ಪಕ್ಕೆಗಳು ಮಿತಿಮೀರಿ ಬಾಗುತ್ತವೆ. ಬಾಗಿದಷ್ಟೂ ಬಿಸಿಯೇರುತ್ತದೆ, ಬಿಸಿಯಿಂದ ಒಳಗಿನ ನೂಲಿನ ಪದರಗಳು ಬಿಡಿಸಿಕೊಳ್ಳುತ್ತವೆ. ಊರೊಳಗೆ ನಿಧಾನವಾಗಿ ಓಡುವಾಗ ಇದು ತಿಳಿಯದು. ೨೦೨೩ರಲ್ಲಿ ಉದ್ಘಾಟನೆಗೊಂಡ ಬೆಂಗಳೂರು–ಮೈಸೂರು ಹೆದ್ದಾರಿಯಂಥ ರಸ್ತೆಯಲ್ಲಿ, ಬೇಸಗೆಯ ಮಧ್ಯಾಹ್ನ, ತುಂಬಿದ ಕಾರಿನಲ್ಲಿ ಎಡೆಬಿಡದೆ ವೇಗವಾಗಿ ಸಾಗಿದಾಗ ಟೈರು ಸಿಡಿಯುವುದು ಹೀಗೆಯೇ. ಹೊಳಪು ಸುಲಿದ ಗಾಲಿಯ ಬಗ್ಗೆ ಇಷ್ಟೊಂದು ಬರೆಯುವುದು ಈ ಕಾರಣಕ್ಕಾಗಿಯೇ ಹೊರತು ಅದರ ಅಂದಕ್ಕಾಗಿ ಅಲ್ಲ.

ಪರೀಕ್ಷೆ ಸುಲಭ. ಟೈರಿಗೆ ಸರಿಯಾದ ಒತ್ತಡದ ಗಾಳಿ ತುಂಬಿಸಿ, ಪಾತ್ರೆ ತೊಳೆಯುವ ಸೋಪನ್ನು ನೀರಿನಲ್ಲಿ ಕದಡಿ, ಟೈರು ಮತ್ತು ಗಾಲಿ ಕೂಡುವ ಸಂದಿಯ ಸುತ್ತ ಕುಂಚದಿಂದ ಹಚ್ಚಿ. ಸೋರುವಲ್ಲಿ ಸಣ್ಣ ಗುಳ್ಳೆಗಳ ನೊರೆ ಮೆಲ್ಲನೆ ಕಟ್ಟುತ್ತದೆ. ಐದು ನಿಮಿಷ ತಾಳ್ಮೆಯಿಂದ ಕಾಯಬೇಕು. ಒಳಬದಿಯ ಸಂದಿಯನ್ನೂ, ಗಾಳಿ ತುಂಬುವ ವಾಲ್ವಿನ ಬುಡವನ್ನೂ ಬಿಡಬಾರದು. ಸೋರಿಕೆ ಅಂಚಿನಲ್ಲೇ ಇದ್ದರೆ ಟೈರನ್ನು ಬಿಚ್ಚಿಸಿ, ಅಂಚಿನ ಸುತ್ತಲಿನ ಪುಡಿಯನ್ನೂ ಎದ್ದ ಲ್ಯಾಕರನ್ನೂ ಲೋಹಕ್ಕೆ ಗೀರು ಬೀಳದಂತೆ ತೆಗೆಸಿ, ಸೀಲರ್ ಹಚ್ಚಿಸಿ, ಹೊಸ ವಾಲ್ವ್ ಹಾಕಿಸಿ ಕೂರಿಸಬೇಕು. ಇದು ಟೈರಿನ ಅಂಗಡಿಯ ಕೆಲಸ, ಮನೆಯದಲ್ಲ. ಟೈರು ಬಿಚ್ಚಿದಾಗ ಗಾಲಿಯ ಒಳಮೈಯನ್ನು ಬೆಳಕಿಗೆ ಹಿಡಿದು ನೋಡಿರಿ. ಕೂದಲೆಳೆಯಷ್ಟು ಬಿರುಕು ಕಂಡರೂ ಆ ಗಾಲಿಯನ್ನು ಗುಜರಿಗೆ ಹಾಕಬೇಕು. ವೆಲ್ಡಿಂಗ್ ಮಾಡಿಕೊಡುತ್ತೇವೆ ಎನ್ನುವವರ ಮಾತಿಗೆ ಮರುಳಾಗಬಾರದು.

ಹೊರಮುಖದ ಸಣ್ಣ ಸುಲಿತವನ್ನು ಮನೆಯಲ್ಲಿಯೇ ಸರಿಪಡಿಸಬಹುದು. ರಜೆಯಲ್ಲಿರುವ ಮಕ್ಕಳೂ ಕೈಜೋಡಿಸಬಹುದಾದ ಕೆಲಸವಿದು. ಗಾಲಿಯನ್ನು ಕಾರಿನಿಂದ ಬಿಚ್ಚಿಕೊಂಡರೆ ಉತ್ತಮ; ಜಾಕ್ ಏರಿಸುವಾಗ ಉಳಿದ ಚಕ್ರಗಳಿಗೆ ಕಲ್ಲು ಕೊಟ್ಟಿರಬೇಕು, ಕಾರಿನಡಿಗೆ ಯಾರೂ ನುಸುಳಬಾರದು. ಗಾಲಿಯನ್ನು ತೊಳೆದು ಒಣಗಿಸಿ, ಎದ್ದ ಪದರವನ್ನು ಗಟ್ಟಿ ಪದರ ಸಿಗುವವರೆಗೆ ಕೆರೆದು ತೆಗೆಯಬೇಕು. ಬಳಿಕ ೧೮೦ರ ಉಜ್ಜುಕಾಗದದಿಂದ ಬಿಳಿಯ ಪುಡಿ ಒಂದಿನಿತೂ ಉಳಿಯದಂತೆ ಉಜ್ಜಿ, ೩೨೦, ೬೦೦ ಎಂದು ನಯವಾದ ಕಾಗದಗಳಿಗೆ ಸಾಗಬೇಕು. ನೀರು ಹಾಕಿ ಉಜ್ಜಿದರೆ ಧೂಳು ಏಳದು. ಹಳೆಯ ಬಣ್ಣದ ಅಂಚು ಬೆರಳಿಗೆ ಮೆಟ್ಟಿಲಿನಂತೆ ತಟ್ಟದೆ ಇಳಿಜಾರಾಗಬೇಕು. ಈ ಹಂತದಲ್ಲಿ ಅವಸರಪಟ್ಟರೆ ಮುಂದಿನದೆಲ್ಲ ವ್ಯರ್ಥ, ಆರೇ ತಿಂಗಳಲ್ಲಿ ಅದೇ ಜಾಗ ಮತ್ತೆ ಎದ್ದೀತು. ಥಿನ್ನರಿನಿಂದ ಒರೆಸಿ, ಅಂದೇ ಅಲ್ಯೂಮಿನಿಯಂಗೆ ಹೊಂದುವ ಎಚ್ ಪ್ರೈಮರ್ ಕೊಡಬೇಕು. ಉಕ್ಕಿನ ಗಾಲಿಯಾದರೆ ತುಕ್ಕು ತಡೆಯುವ ಸಾಮಾನ್ಯ ಪ್ರೈಮರ್ ಸಾಲುತ್ತದೆ. ಅನಂತರ ಬಣ್ಣ, ಲ್ಯಾಕರ್, ಒಂದೊಂದನ್ನೂ ತೆಳುವಾಗಿ ಎರಡು ಮೂರು ಸಲ.

ಟೈರಿಗೆ ಬಣ್ಣ ತಾಗದಿರಲು ಒಂದು ಉಪಾಯವುಂಟು. ಪ್ರತಿ ಮನೆಯಲ್ಲಿಯೂ ಎಸೆಯಲು ಮನಸ್ಸಾಗದೆ ಕೂಡಿಟ್ಟ ಹಳೆಯ ಲಗ್ನಪತ್ರಿಕೆಗಳ ಕಟ್ಟೊಂದಿರುತ್ತದೆ. ಆ ದಪ್ಪ ಕಾಗದವನ್ನು ಅಂಗೈಯಗಲ ತುಂಡುಮಾಡಿ, ಟೈರು ಮತ್ತು ಗಾಲಿಯ ಸಂದಿಯಲ್ಲಿ ಒಂದರ ಮೇಲೊಂದು ಬರುವಂತೆ ಸುತ್ತಲೂ ಸಿಕ್ಕಿಸಿದರೆ ಅದಕ್ಕಿಂತ ಒಳ್ಳೆಯ ಮರೆ ಬೇರಿಲ್ಲ. ನಟ್ಟುಗಳು ಒತ್ತುವ ತಗ್ಗುಗಳಿಗೂ, ಗಾಲಿ ಹಬ್ಬಿಗೆ ತಾಗುವ ಹಿಂಬದಿಗೂ ಬಣ್ಣ ಬೀಳಕೂಡದು. ನಟ್ಟಿನಡಿಯ ದಪ್ಪ ಬಣ್ಣ ಓಡಾಟದಲ್ಲಿ ಜಜ್ಜಿಹೋಗಿ ಬಿಗಿ ಸಡಿಲುತ್ತದೆ. ಹೇಗೂ ೫೦ರಿಂದ ೧೦೦ ಕಿಲೋಮೀಟರ್ ಓಡಿದ ಮೇಲೆ ನಟ್ಟುಗಳನ್ನು ಇನ್ನೊಮ್ಮೆ ಬಿಗಿದು ನೋಡಬೇಕು.

ಹಳೆಯ ಬಣ್ಣ ಕಳಚಲು ಕಾಸ್ಟಿಕ್ ಸೋಡಾ ಬಳಸಲು ಹೇಳುವವರಿದ್ದಾರೆ. ಅದು ಬಣ್ಣದ ಜೊತೆಗೆ ಅಲ್ಯೂಮಿನಿಯಮ್ಮನ್ನೂ ತಿನ್ನುತ್ತದೆ, ಹೊತ್ತಿಕೊಳ್ಳುವ ಹೈಡ್ರೋಜನ್ ಅನಿಲವನ್ನೂ ಹೊರಡಿಸುತ್ತದೆ. ಪೌಡರ್ ಕೋಟಿಂಗ್ ಬಾಳಿಕೆಯ ಹೊದಿಕೆಯೇ ಸರಿ, ಆದರೆ ಗೇಟು, ಕಿಟಕಿಯ ಸರಳುಗಳನ್ನು ಬೇಯಿಸುವ ಒಲೆಗೆ ಗಾಲಿಯನ್ನು ಕೊಡುವ ಮುನ್ನ ಶಾಖವೆಷ್ಟೆಂದು ಕೇಳಬೇಕು. ಈ ಲೋಹಕ್ಕೆ ಗಟ್ಟಿತನ ಬಂದಿರುವುದು ಕಾರ್ಖಾನೆಯಲ್ಲಿ ಹದವರಿತು ಕೊಟ್ಟ ಶಾಖದಿಂದ. ೨೦೦ ಡಿಗ್ರಿ ಸೆಲ್ಸಿಯಸ್ ಮೀರಿ ಬಹಳ ಹೊತ್ತು ಕಾಯಿಸಿದರೆ ಆ ಹದ ಕೆಡುತ್ತದೆ, ಗಾಲಿ ಮೆತ್ತಗಾಗುತ್ತದೆ. ಡೈಮಂಡ್ ಕಟ್ ಗಾಲಿಗೆ ಮನೆಯ ಮದ್ದಿಲ್ಲ. ಅದನ್ನು ಮತ್ತೆ ಲೇತ್‌ನಲ್ಲಿ ಕಡೆಯಬೇಕು. ಪ್ರತಿ ಸಲವೂ ಲೋಹ ಸವೆಯುವುದರಿಂದ ಒಂದೆರಡು ಬಾರಿಗಿಂತ ಹೆಚ್ಚು ಕಡೆಸಲಾಗದು. ಇಡೀ ಮುಖಕ್ಕೆ ಒಂದೇ ಬಣ್ಣ ಹೊಡೆಸಿಬಿಡುವುದು ಮೇಲೆಂದು ನನ್ನ ಅಭಿಪ್ರಾಯ, ಅಂದ ತುಸು ಕಡಿಮೆಯಾದರೂ ಬಾಳಿಕೆ ಬರುತ್ತದೆ. ಕ್ರೋಮ್ ಲೇಪಿತ ಗಾಲಿ ಸುಲಿದರೆ ಅದರ ಚಕ್ಕೆಗಳು ಬ್ಲೇಡಿನಷ್ಟು ಹರಿತ. ಉಜ್ಜಲು ಹೋಗದೆ ತಜ್ಞರಿಗೆ ಒಪ್ಪಿಸಿರಿ.

ಸುಮಾರು ೧೦,೦೦೦ ಕಿಲೋಮೀಟರಿಗೊಮ್ಮೆ ಟೈರುಗಳ ಸ್ಥಾನ ಬದಲಿಸುವಾಗ ಗಾಲಿಗಳು ಹೇಗೂ ಕಳಚಿರುತ್ತವೆ. ಆಗ ಒಳಮೈಯನ್ನು ಸೋಪಿನ ನೀರಿನಿಂದ ತೊಳೆಸಿ, ಅಂಚಿಗೆ ಬಡಿಯುವ ತೂಕದ ಬಿಲ್ಲೆಯ ಬದಲು ಒಳಗೆ ಅಂಟಿಸುವಂಥದನ್ನೇ ಹಾಕಿಸಿಕೊಳ್ಳಿರಿ. ಡಿಕ್ಕಿಯೊಳಗಿರುವ ಐದನೆಯ ಗಾಲಿಯ ಗಾಳಿಯನ್ನೂ ಅಂದೇ ನೋಡಿಸಿರಿ.