ಒಡ್ಡಿನ ಆಚೆಯವರೂ ನಮ್ಮ ನೆರೆಯವರೇ

ನವಲಗುಂದ ತಾಲೂಕಿನ ತಿರ್ಲಾಪುರದಂಥ ಎರೆಮಣ್ಣಿನ ಊರುಗಳಲ್ಲಿ ಮಳೆಗಾಲದೊಂದಿಗೆ ಹೊಲದ ಒಡ್ಡಿನ ಜಗಳವೂ ಬರುತ್ತದೆ. ಎರೆಭೂಮಿ ನೀರನ್ನು ಬೇಗ ಬಸಿದುಕೊಳ್ಳದು. ಮೇಲಿನ ಹೊಲದವರು ಒಡ್ಡು ಒಡೆದು ನೀರನ್ನೆಲ್ಲ ಒಂದೇ ಕಡೆಗೆ ತಿರುಗಿಸಿದರೆ ಕೆಳಗಿನವರ ಹೆಸರು, ಹತ್ತಿ ನಿಂತಲ್ಲೇ ಕೊಳೆಯುತ್ತವೆ. ಮೇಲ್ಮಣ್ಣು ಹಳ್ಳ ಸೇರುತ್ತದೆ. ಇದನ್ನು ದೈವೇಚ್ಛೆಯೆಂದು ನುಂಗಿಕೊಳ್ಳುವುದು, ಇಲ್ಲವೇ ಬಡಿಗೆ ಹಿಡಿದು ಹೊರಡುವುದು, ಇವೆರಡೇ ದಾರಿಗಳೆಂದು ನಮ್ಮಲ್ಲಿ ಹಲವರು ಭಾವಿಸಿರುವುದು ವಿಷಾದದ ಸಂಗತಿ.

ಸಹಜವಾಗಿ ಹರಿದು ಬರುವ ಮಳೆನೀರನ್ನು ಕೆಳಗಿನ ಹೊಲದವರು ತಡೆಯುವಂತಿಲ್ಲವೆಂಬುದು 1882ರ ಈಸ್‌ಮೆಂಟ್ ಕಾಯಿದೆಯ ತತ್ತ್ವ. ಆದರೆ ನೀರನ್ನು ಕೃತಕವಾಗಿ ಒಟ್ಟುಗೂಡಿಸಿ ನೆರೆಯವರ ಮೇಲೆ ನುಗ್ಗಿಸುವ ಅಧಿಕಾರ ಮೇಲಿನವರಿಗೂ ಇಲ್ಲ. ಪಂಜಾಬಿನಲ್ಲಿ ಕಾಲುವೆ ಒಡೆದು ಹೊಲಗಳು ಮುಳುಗಿದ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 1964ರಲ್ಲಿ ಸರ್ಕಾರವನ್ನೇ ಹೊಣೆಯಾಗಿಸಿತು. ಹೀಗಿರುವಾಗ ನೆರೆಯವರ ಅಜಾಗ್ರತೆಗೆ ವಿನಾಯಿತಿ ಎಲ್ಲಿಯದು?

ಹಾನಿಗೊಳಗಾದವರು ಮೊದಲು ಸಾಕ್ಷ್ಯವನ್ನು ಕಾಪಾಡಬೇಕು: ದಿನಾಂಕ ಸಹಿತ ಛಾಯಾಚಿತ್ರ, ಪಹಣಿ, ಸಾಧ್ಯವಾದರೆ ಪಂಚನಾಮೆ. ಗಡಿಯ ಬಗ್ಗೆ ತಕರಾರಿದ್ದರೆ ಹದ್ದುಬಸ್ತಿಗೆ ಅರ್ಜಿ ಹಾಕಿ ಅಳತೆ ಮಾಡಿಸಬೇಕು. ಬಳಿಕ ವಕೀಲರ ಮೂಲಕ ನೋಟೀಸು. ಅದಕ್ಕೂ ಜಗ್ಗದಿದ್ದರೆ ಸಿವಿಲ್ ನ್ಯಾಯಾಲಯದಲ್ಲಿ ತಾತ್ಕಾಲಿಕ ತಡೆಯಾಜ್ಞೆ, ಶಾಶ್ವತ ತಡೆಯಾಜ್ಞೆ, ಒಡೆದ ಒಡ್ಡನ್ನು ಮೊದಲಿನಂತೆ ಕಟ್ಟಿಕೊಡುವ ಆದೇಶ ಹಾಗೂ ನಷ್ಟಪರಿಹಾರ ಕೇಳಬಹುದು. ಅತಿಕ್ರಮ ಪ್ರವೇಶದ ಪರಿಹಾರದ ದಾವೆಗೆ 3 ವರ್ಷಗಳ ಗಡುವಿದೆ. ಜಮೀನಿನಿಂದಲೇ ಅಕ್ರಮವಾಗಿ ಹೊರಹಾಕಲ್ಪಟ್ಟವರು 6 ತಿಂಗಳೊಳಗೆ ದಾವೆ ಹೂಡಿದರೆ, ಒಡೆತನವನ್ನು ರುಜುವಾತುಪಡಿಸದೆಯೂ ಸ್ವಾಧೀನ ಮರಳಿ ಪಡೆಯಬಹುದು. ಬೇಕೆಂದೇ ಹಾನಿ ಎಸಗುವುದು 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 324ನೇ ಕಲಮಿನಡಿ ಅಪರಾಧ.

ಖರ್ಚಿಗೆ ಅಂಜಬೇಕಾಗಿಲ್ಲ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯಿದೆಯಂತೆ ಮಹಿಳೆಯರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ ಹಾಗೂ ಕಡಿಮೆ ಆದಾಯದವರಿಗೆ ಉಚಿತ ನೆರವುಂಟು. ಲೋಕ ಅದಾಲತ್ತಿನ ರಾಜಿಯು ನ್ಯಾಯಾಲಯದ ಡಿಕ್ರಿಗೆ ಸಮ. ಅದರ ಮೇಲೆ ಮೇಲ್ಮನವಿಯಿಲ್ಲ.

ಕ್ರೈಸ್ತರು ನ್ಯಾಯಾಲಯದ ಮೆಟ್ಟಿಲೇರಬಾರದೆಂದು ಧರ್ಮಸಭೆ ಹೇಳಿಲ್ಲ. 1983ರ ಧರ್ಮಸಭಾ ಕಾನೂನಿನ 1446ನೇ ವಿಧಿಯು ನ್ಯಾಯಕ್ಕೆ ಚ್ಯುತಿ ಬಾರದಂತೆ ವ್ಯಾಜ್ಯಗಳನ್ನು ಆದಷ್ಟು ತಪ್ಪಿಸಿ, ಶಾಂತಿಯಿಂದ ಬಗೆಹರಿಸಿಕೊಳ್ಳಬೇಕೆನ್ನುತ್ತದೆ. ಮೊದಲು ಇಬ್ಬರೇ ಕೂತು ಮಾತಾಡಬೇಕು, ಆಮೇಲೆ ಒಬ್ಬಿಬ್ಬರು ಹಿರಿಯರನ್ನು ಕರೆದೊಯ್ಯಬೇಕೆಂಬ ಪ್ರಭು ಯೇಸುವಿನ ಬೋಧನೆಯೂ ಇದೇ ದಾರಿಯದು. ಆದರೆ ಶಾಂತಿಯ ಹೆಸರಿನಲ್ಲಿ ಬಡ ವಿಧವೆಯೊಬ್ಬಳ ಬಾಯಿ ಮುಚ್ಚಿಸುವುದು ರಾಜಿಯಲ್ಲ, ಅನ್ಯಾಯ.

ಒಡ್ಡು ಒಡೆದವರು ನಮ್ಮವರೇ ಆಗಿದ್ದರೆ? ಪರರ ಹೊಲವನ್ನು ಮೇಯಿಸಿದವನು ತನ್ನ ಹೊಲದ ಉತ್ತಮ ಬೆಳೆಯಿಂದಲೇ ನಷ್ಟ ತುಂಬಿಕೊಡಬೇಕೆಂದು ವಿಮೋಚನಾಕಾಂಡ ವಿಧಿಸುತ್ತದೆ. ಮಾಡಿದ ಹಾನಿಯನ್ನು ಕೈಲಾದಮಟ್ಟಿಗೆ ಸರಿಪಡಿಸದೆ ಪಾಪನಿವೇದನೆಯ ಪ್ರಾಯಶ್ಚಿತ್ತ ಪೂರ್ಣವಾಗದು. ಕೋರ್ಟಿನ ನೋಟೀಸು ಬರುವ ಮುನ್ನ ಸಲಿಕೆ ಹಿಡಿದು ನೆರೆಯವರ ಒಡ್ಡನ್ನು ಕಟ್ಟಿಕೊಡುವ ಮನೆತನಗಳು ನಮ್ಮಲ್ಲಿ ಹೆಚ್ಚಲಿ ಎಂದು ಹಾರೈಸುತ್ತೇವೆ.