ಪುರಾನಾ ಪುಲ್ ಮೇಲೆ ಕಾಲ್ನಡಿಗೆ

ಸೇತುವೆಯೊಂದನ್ನು ನಿಜವಾಗಿ ಕಾಣಬೇಕೆಂಬವನು ಅದನ್ನು ನಡೆದೇ ದಾಟಬೇಕು. ವಾಹನದಲ್ಲಿ ಕುಳಿತವನಿಗೆ ಅದು ರಸ್ತೆಯ ಒಂದು ತುಂಡು ಮಾತ್ರ. ಕೆಳಗೆ ನದಿಯಿರುವುದೂ ಅವನ ಗಮನಕ್ಕೆ ಬರಲಾರದು.

ಹೈದರಾಬಾದಿನ ಪುರಾನಾ ಪುಲ್ ಎಂಬ ಸೇತುವೆಯನ್ನು ನೋಡಬೇಕೆಂಬ ಆಸೆಯು ನನ್ನಲ್ಲಿ ಬಾಲ್ಯದಿಂದಲೂ ಇದ್ದಿತು. ನಮ್ಮ ಗೋಗಿಯು 1948ರ ವರೆಗೆ ನಿಜಾಮರ ಆಳ್ವಿಕೆಯಲ್ಲಿಯೂ, ಬಳಿಕ 1956ರ ವರೆಗೆ ಹೈದರಾಬಾದ್ ರಾಜ್ಯದಲ್ಲಿಯೂ ಇದ್ದುದರಿಂದ, ನಮ್ಮ ಹಿರಿಯರಿಗೆ ಪಟ್ಟಣವೆಂದರೆ ಅದೊಂದೇ. ನಮ್ಮ ಅಜ್ಜನವರು ಕೋರ್ಟಿನ ಕೆಲಸಕ್ಕಾಗಿ ಅಲ್ಲಿಗೆ ಹೋಗಿ ಬಂದಾಗಲೆಲ್ಲ ಆ ಸೇತುವೆಯ ಕಮಾನುಗಳನ್ನು ವರ್ಣಿಸುತ್ತಿದ್ದರು. ಆ ಆಸೆಯು ಹೋದ ಮಾಘ ಮಾಸದಲ್ಲಿ ಕೈಗೂಡಿತು.

ಯಾದಗಿರಿಯಲ್ಲಿ ರೈಲು ಹತ್ತಿ ವಾಡಿಯ ಮಾರ್ಗವಾಗಿ ಹೋದೆನು. ದಾರಿಯಲ್ಲಿ ಸಿಕ್ಕುವ ವಿಕಾರಾಬಾದಿನ ಬಳಿಯ ಅನಂತಗಿರಿ ಬೆಟ್ಟಗಳಲ್ಲಿಯೇ ಮೂಸಿ ನದಿಯು ಹುಟ್ಟುವುದು. ಸಂಸ್ಕೃತದಲ್ಲಿ ಇದಕ್ಕೆ ಮುಚುಕುಂದಾ ಎಂದು ಹೆಸರು. ಹೈದರಾಬಾದನ್ನು ಹಾದು ಮುಂದೆ ನಮ್ಮ ಕೃಷ್ಣೆಯನ್ನೇ ಇದು ಸೇರುವುದಾದುದರಿಂದ, ಪರದೇಶದ ನದಿಯೆಂದು ನನಗನ್ನಿಸಲಿಲ್ಲ.

ಈ ಸೇತುವೆಯನ್ನು 1578ರಲ್ಲಿ ಗೋಲ್ಕೊಂಡದ ಇಬ್ರಾಹಿಂ ಕುತುಬ್ ಶಾಹನು ಕಟ್ಟಿಸಿದನು. ಆಗ ಹೈದರಾಬಾದ್ ನಗರವೇ ಇರಲಿಲ್ಲ. ಅದರ ಸ್ಥಾಪನೆಯಾದುದು 1591ರಲ್ಲಿ. ಪ್ರೇಯಸಿಯನ್ನು ಕಾಣಲು ತುಂಬಿದ ಹೊಳೆಗೆ ಕುದುರೆಯನ್ನಿಳಿಸಿದ ರಾಜಕುಮಾರನಿಗಾಗಿ ತಂದೆಯು ಇದನ್ನು ಕಟ್ಟಿಸಿದನೆಂಬುದು ಐತಿಹ್ಯ. ಇದಕ್ಕೆ 22 ಕಮಾನುಗಳು. ಉದ್ದ ಸುಮಾರು 600 ಅಡಿ. ಹದಿನೇಳನೆಯ ಶತಮಾನದಲ್ಲಿ ಬಂದ ಟಾವರ್ನಿಯೆ ಎಂಬ ಫ್ರೆಂಚ್ ಪ್ರವಾಸಿಯು ಇದನ್ನು ಪ್ಯಾರಿಸಿನ ಪೋಂ ನಫ್ ಸೇತುವೆಗೆ ಹೋಲಿಸಿದನು. ಆ ಸೇತುವೆಯ ಕೆಲಸವೂ 1578ರಲ್ಲಿಯೇ ಆರಂಭವಾದುದು. ಅದರ ಹೆಸರಿನ ಅರ್ಥ ‘ಹೊಸ ಸೇತುವೆ’ ಎಂದು. ಇದಾದರೋ ‘ಹಳೆಯ ಸೇತುವೆ’!

ಆದಿಲಶಾಹಿ ಸುಲ್ತಾನರ ಗೋರಿಗಳನ್ನು ಗೋಗಿಯಲ್ಲಿ ನಿತ್ಯವೂ ನೋಡುವ ನನಗೆ ಆ ಕಾಲದ ಕಲ್ಲುಗಾರೆಯ ಕೆಲಸವು ಹೊಸದಲ್ಲ. ಆದರೆ ಈ ಕಲ್ಲುಗಳು ತಡೆದುಕೊಂಡುದು ಅಲ್ಪವಲ್ಲ. 1908ನೆಯ ಸೆಪ್ಟೆಂಬರ್ 28ರಂದು ಮೂಸಿಗೆ ಮಹಾಪ್ರವಾಹವು ಬಂದಿತು. ಮೇಲ್ಗಡೆಯ ಕೆರೆಗಳು ಒಂದರ ಹಿಂದೊಂದು ಒಡೆದು ಆ ನೀರೆಲ್ಲ ಪಟ್ಟಣದ ಮೇಲೆ ಬಿದ್ದಿತು. ಸುಮಾರು 15,000 ಜನರು ಮಡಿದರೆಂದು ಹೇಳುವರು. ಪಟ್ಟಣದ ಇತರ ಸೇತುವೆಗಳು ಭಗ್ನವಾದವು. ಇದು ಮಾತ್ರ ಘಾಸಿಗೊಂಡರೂ ನಿಂತಿತು.

ಮರುವರ್ಷ ನಮ್ಮ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರನ್ನು ನಿಜಾಮ ಸರ್ಕಾರವು ಕರೆಯಿಸಿಕೊಂಡಿತು. ಅವರು ಪ್ರವಾಹಕ್ಕೆ ಮದ್ದನ್ನು ಪಟ್ಟಣದಲ್ಲಿ ಮಾತ್ರ ಹುಡುಕದೆ, ನೀರು ಬರುವ ದಿಕ್ಕಿನಲ್ಲಿ ಹುಡುಕಿದರು. ಮೇಲ್ಗಡೆಯೇ ಅದನ್ನು ತಡೆದು ನಿಲ್ಲಿಸಬೇಕೆಂಬುದು ಅವರ ಸಲಹೆ. ಅದರಂತೆ 1920ರಲ್ಲಿ ಮೂಸಿಗೆ ಉಸ್ಮಾನ್ ಸಾಗರವೂ, 1927ರಲ್ಲಿ ಅದರ ಉಪನದಿಯಾದ ಈಸಿಗೆ ಹಿಮಾಯತ್ ಸಾಗರವೂ ಸಿದ್ಧವಾದವು. ಸಂಸ್ಕೃತದಲ್ಲಿ ‘ಸೇತು’ ಶಬ್ದವು ಕಟ್ಟು ಎಂಬರ್ಥದ ಧಾತುವಿನಿಂದ ಬಂದುದು. ದಾಟುವ ಸೇತುವೆಗೂ, ನೀರನ್ನು ನಿಲ್ಲಿಸುವ ಕಟ್ಟೆಗೂ ಅದೊಂದೇ ಶಬ್ದ. ಇದನ್ನು ಮಕ್ಕಳಿಗೆ ಎಷ್ಟೋ ಸಲ ಪಾಠ ಹೇಳಿದ್ದೆನು. ಅದರ ಅರ್ಥವು ನನಗೆ ತಿಳಿದುದು ಮಾತ್ರ ಆ ದಿನ.

ಪಕ್ಕದಲ್ಲಿ ಹೊಸ ಸೇತುವೆಯಾದ ಮೇಲೆ ಈ ಹಳೆಯದರ ಮೇಲೆ ತರಕಾರಿಯವರು ಸಂತೆ ಹೂಡಿದ್ದಾರೆ. ಬದನೆ, ಟೊಮೆಟೊ ರಾಶಿಗಳ ನಡುವೆ ನಡೆಯುತ್ತಿರಲು, ಕನ್ನಡದ ಮಾತೊಂದು ಕಿವಿಗೆ ಬಿದ್ದಿತು. ಕೊತ್ತಂಬರಿಯ ಕಟ್ಟುಗಳನ್ನಿಟ್ಟುಕೊಂಡ ಹೆಣ್ಣುಮಗಳೊಬ್ಬಳು, ಚಿಲ್ಲರೆಯೆಣಿಸುತ್ತಿದ್ದ ಮಗಳಿಗೆ ಲೆಕ್ಕ ಹೇಳುತ್ತಿದ್ದಳು.

“ಯಾವೂರವ್ವಾ ನಿಮ್ದು?” ಎಂದೆನು.

“ಶಹಾಪುರದ ಕಡಿಯವರ್ರೀ ಯಪ್ಪಾ” ಎಂದಳು.

ಆ ವರ್ಷ ಬೆಳೆ ಕೈಗೆ ಬಂದಿರಲಿಲ್ಲ. ಗಂಡನು ಗಾರೆಯ ಕೆಲಸಕ್ಕೆ ಹೋಗುತ್ತಿದ್ದನು. ಮಗಳು ಐದನೆಯ ತರಗತಿಯನ್ನು ನಡುವಿನಲ್ಲಿ ಬಿಟ್ಟು ಬಂದವಳು. ನಾನು ಮಾಸ್ತರನಾಗಿದ್ದೆನೆಂದು ತಿಳಿದೊಡನೆ ತಾಯಿಯು, “ಸಾಲ್ಯಾಗ ಇಕಿ ಹೆಸರು ಇನ್ನಾ ಇರ್ತದೇನ್ರೀ ಮಾಸ್ತರ್ರೀ, ಹೊಡದ್ ಹಾಕಿರ್ತಾರೇನ್ರೀ?” ಎಂದು ಕೇಳಿದಳು.

ನಾನು ಉತ್ತರ ಕೊಡಲಾರದೆ ಹೋದೆನು. ಪ್ರತಿವರ್ಷವೂ ಸುಗ್ಗಿ ಮುಗಿಯುತ್ತಲೇ ಇಂಥ ಹೆಸರುಗಳು ನನ್ನ ಹಾಜರಿ ಪುಸ್ತಕದಲ್ಲಿಯೂ ಇರುತ್ತಿದ್ದುವು. ಕೆಲವು ದಿನ ‘ಗೈರುಹಾಜರು’ ಎಂದು ಬರೆದು, ಆಮೇಲೆ ಕೆಂಪು ಮಸಿಯಲ್ಲಿ ಗೆರೆಯೆಳೆದು ‘ಊರು ಬಿಟ್ಟರು’ ಎಂದು ಬರೆಯುತ್ತಿದ್ದೆನು. ದಾಖಲೆಯು ಶುದ್ಧವಾಗಿದ್ದಿತು. ಆದರೆ ಒಂದು ಮನೆಯ ಬಾಗಿಲಿಗಾದರೂ ಹೋಗಿ, ಮಗುವನ್ನು ಅಜ್ಜಿಯ ಬಳಿ ಬಿಟ್ಟುಹೋಗಿರೆಂದು ನಾನು ಹೇಳಲಿಲ್ಲ. ಪಟ್ಟಣಕ್ಕೆ ಬಂದ ಮೇಲೆ ಅಯ್ಯೋ ಎಂದರೇನು ಫಲ? ಕಟ್ಟೆಯನ್ನು ಕಟ್ಟಬೇಕಾದುದು ಮೇಲ್ಗಡೆ, ನಮ್ಮ ಊರಿನಲ್ಲಿ.

ಆದುದರಿಂದ ಓದುಗ ತಾಯಂದಿರಲ್ಲಿ ನನ್ನ ಬಿನ್ನಹವಿಷ್ಟೇ. ನೆರೆಯವರು ದುಡಿಯಲು ಊರು ಬಿಡುವ ಸಿದ್ಧತೆಯಲ್ಲಿದ್ದರೆ, ಮಗುವಿನ ಶಾಲೆಯ ಮಾತನ್ನು ಮೊದಲು ಎತ್ತಿರಿ. ಅಜ್ಜಿಯ ಮನೆಯಿದ್ದರೆ ಅಲ್ಲಿ ಉಳಿಯಲಿ. ಇಲ್ಲವಾದರೆ ವರ್ಗಾವಣೆಯ ಪತ್ರವನ್ನು ಕೊಡಿಸಿರಿ. 2009ರ ಶಿಕ್ಷಣ ಹಕ್ಕಿನ ಕಾಯಿದೆಯಂತೆ, ಮಗುವು ವರ್ಷದ ನಡುವಿನಲ್ಲಿ ಬಂದಿತೆಂದು ಶಾಲೆಯವರು ಪ್ರವೇಶವನ್ನು ನಿರಾಕರಿಸುವಂತಿಲ್ಲ.

ಊರಿಗೆ ಬಂದು ಆ ಶಾಲೆಗೆ ಹೋಗಿ ವಿಚಾರಿಸಿದೆನು. ಹುಡುಗಿಯ ಹೆಸರು ಪುಸ್ತಕದಲ್ಲಿ ಇನ್ನೂ ಇದ್ದಿತು. ತಾಯಿಗೆ ದೂರವಾಣಿಯಲ್ಲಿ ತಿಳಿಸಿದೆನು. ಮಗು ಇನ್ನೂ ಬಂದಿಲ್ಲ. ಜೂನ್ ತಿಂಗಳಿಗೆ ತಪ್ಪದೆ ಕರೆತರುವೆನೆಂದು ತಾಯಿಯು ಮಾತು ಕೊಟ್ಟಿರುವಳು.