ಮಿದುಳಿನ ಫೋಟೋ ತೋರಿಸಿದ್ರೆ ಮಾತ್ರ ನಂಬ್ತೀರಾ?

ಈ ಚಿತ್ರ ನೀವೂ ನೋಡಿರ್ತೀರಿ. ಎಡಗಡೆ ಬಣ್ಣಬಣ್ಣದ ಮಿದುಳು, ಕೆಳಗೆ 'ಆರೋಗ್ಯವಂತ' ಅಂತ ಬರಹ. ಬಲಗಡೆ ಮಂಕು ನೀಲಿ ಮಿದುಳು, 'ಖಿನ್ನತೆ'. ವಾಟ್ಸಾಪಿನಲ್ಲಿ ಕಳಿಸುವವರ ಉದ್ದೇಶ ಒಳ್ಳೆಯದೇ. ಇದು ನಾಟಕ ಅಲ್ಲ, ನಿಜವಾದ ಕಾಯಿಲೆ ಅಂತ ಹೇಳೋದು. ಆದ್ರೂ ನನಗೆ ಈ ಚಿತ್ರದ ಮೇಲೆ ಸಿಟ್ಟಿದೆ.

ಯಾಕೆ ಅಂತೀರಾ?

ವ್ಯತ್ಯಾಸ ಇರೋದು ಸುಳ್ಳೇನಲ್ಲ. ಎನಿಗ್ಮಾ ಎಂಬ ಅಂತರರಾಷ್ಟ್ರೀಯ ವಿಜ್ಞಾನಿಗಳ ಕೂಟ 2015ರಲ್ಲಿ ಖಿನ್ನತೆಯಿದ್ದ 1,728 ಮಂದಿಯ ಮಿದುಳನ್ನು, ಇಲ್ಲದ 7,199 ಮಂದಿಯದರ ಜೊತೆ ಹೋಲಿಸಿತು. ನೆನಪಿಗೆ ಸಂಬಂಧಪಟ್ಟ ಹಿಪೊಕ್ಯಾಂಪಸ್ ಎಂಬ ಭಾಗ ಖಿನ್ನತೆಯಿದ್ದವರಲ್ಲಿ ಚಿಕ್ಕದಿತ್ತು. ಎಷ್ಟು ಚಿಕ್ಕದು? ಸರಾಸರಿ ನೂರಕ್ಕೆ ಒಂದು ಚಿಲ್ಲರೆ ಪಾಲು! ಆತಂಕದ ಕಾಯಿಲೆ ಬಗ್ಗೆ 28 ಕಡೆಯ ಮಾಹಿತಿ ಸೇರಿಸಿ 2021ರಲ್ಲಿ ನೋಡಿದಾಗ ಅಷ್ಟೂ ಸಿಗಲಿಲ್ಲ.

ಎರಡು ಶಾಲೆಯ ಮಕ್ಕಳ ಸರಾಸರಿ ಎತ್ತರದಲ್ಲಿ ಅರ್ಧ ಇಂಚು ವ್ಯತ್ಯಾಸ ಇದೆ ಅಂದುಕೊಳ್ಳಿ. ಬೀದೀಲಿ ಸಿಕ್ಕ ಹುಡುಗನ ಎತ್ತರ ಅಳೆದು ಅವನು ಯಾವ ಶಾಲೆಯವನು ಅಂತ ಹೇಳೋಕಾಗುತ್ತಾ? 2022ರಲ್ಲಿ ಜರ್ಮನಿಯ ಸಂಶೋಧಕರು ಇಂಥದ್ದನ್ನೇ ಪರೀಕ್ಷಿಸಿದರು. ಮಿದುಳಿನ ಒಂದೊಂದೇ ಅಳತೆ ಹಿಡಿದು ಖಿನ್ನತೆ ಇದೆಯೋ ಇಲ್ಲವೋ ಹೇಳಹೊರಟರೆ, ಸರಿಯಾಗಿದ್ದು ನೂರಕ್ಕೆ ಹೆಚ್ಚೆಂದರೆ 56. ಟಾಸ್ ಹಾಕಿದ್ರೂ 50 ಸರಿಯಾಗುತ್ತೆ ಸ್ವಾಮಿ!

ಇದು ಬರೀ ವಿಜ್ಞಾನದ ಜಗಳ ಅಲ್ಲ. ನನಗೆ ಗೊತ್ತಿರೋ ಒಬ್ಬ ಹುಡುಗಿ ತಿಂಗಳುಗಟ್ಟಲೆ ನಿದ್ದೆಯಿಲ್ಲದೆ, ಊಟ ಸೇರದೆ ಒದ್ದಾಡಿದಳು. ಮನೆಯವರು ಸಾವಿರಾರು ರೂಪಾಯಿ ಕೊಟ್ಟು ತಲೆ ಸ್ಕ್ಯಾನ್ ಮಾಡಿಸಿದರು. ರಿಪೋರ್ಟ್ ನಾರ್ಮಲ್. "ಏನೂ ಇಲ್ವಲ್ಲ, ಎಲ್ಲಾ ನಿನ್ನ ಸೋಗು" ಅಂದರು ಅವರಪ್ಪ. ನೋಡಿದಿರಾ? ಫೋಟೋವನ್ನೇ ಸಾಕ್ಷಿ ಮಾಡಿದರೆ, ಫೋಟೋದಲ್ಲಿ ಏನೂ ಕಾಣದ ದಿನ ನೊಂದವರೇ ಸುಳ್ಳುಗಾರರಾಗ್ತಾರೆ.

ತಲೆ ಸ್ಕ್ಯಾನ್ ಇರೋದು ಗೆಡ್ಡೆ, ರಕ್ತಸ್ರಾವ ಇಂಥವನ್ನ ಪತ್ತೆ ಮಾಡೋಕೆ. ಖಿನ್ನತೆಯನ್ನ ವೈದ್ಯರು ಕಂಡುಹಿಡಿಯೋದು ಎದುರು ಕೂರಿಸಿಕೊಂಡು, ಕೇಳಿ, ಮಾತಾಡಿಸಿ. ಮೈಗ್ರೇನಿಗೂ ಸ್ಕ್ಯಾನಿನಲ್ಲಿ ಸಾಮಾನ್ಯವಾಗಿ ಏನೂ ಕಾಣಲ್ಲ. ಹಾಗಂತ ತಲೆನೋವು ಸುಳ್ಳಾ?

ನಿಮ್ಹಾನ್ಸ್ ನಡೆಸಿದ 2015-16ರ ರಾಷ್ಟ್ರೀಯ ಸಮೀಕ್ಷೆ ಪ್ರಕಾರ ಖಿನ್ನತೆ, ಆತಂಕದಂಥ ಕಾಯಿಲೆಯಿದ್ದ ನೂರರಲ್ಲಿ 85 ಮಂದಿಗೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ. ಅವರಿಗೆ ಬೇಕಿದ್ದದ್ದು ಬಣ್ಣದ ಚಿತ್ರ ಅಲ್ಲ, ಹೇಳಿದ್ದನ್ನ ನಂಬುವ ಒಂದು ಕಿವಿ.

ಮುಂದಿನ ಸಲ ಆ ಚಿತ್ರ ಬಂದಾಗ ಫಾರ್ವರ್ಡ್ ಮಾಡಬೇಡಿ. ಅದರ ಬದಲು ಟೆಲಿ ಮಾನಸ್ ಸಹಾಯವಾಣಿಯ ನಂಬರು 14416 ಕಳಿಸಿ. ಕನ್ನಡದಲ್ಲೇ ಮಾತಾಡಬಹುದು, ದುಡ್ಡೂ ಬೇಡ.

ಏನಂತೀರಿ?